ಸೋಮವಾರದ ಕಾಯಿಲೆ

ಕಳ್ಳ ಕಾಯಿಲೆ ಹಿಡಿಯುವುದರಲ್ಲಿ ಸಿಸ್ಟರ್ ಪಂಕಜಾಳನ್ನು ಮೀರಿಸುವವರು ಇಡೀ ಪೀಣ್ಯದಲ್ಲಿ ಇರಲಿಲ್ಲ. ಇದನ್ನು ಬೇರೆಯವರು ಹೇಳಬೇಕಾಗಿರಲಿಲ್ಲ, ಅವಳೇ ಹೇಳಿಕೊಂಡು ಓಡಾಡುತ್ತಿದ್ದಳು. ದೊಡ್ಡಾಸ್ಪತ್ರೆಯ ಸಕ್ಕರೆ ಕಾಯಿಲೆ ವಾರ್ಡಿನಲ್ಲಿ ಹನ್ನೊಂದು ವರ್ಷ ದುಡಿದು, ಆಮೇಲೆ ಪಂಪು ತಯಾರಿಸುವ ಈ ಕಾರ್ಖಾನೆಯ ಡಿಸ್ಪೆನ್ಸರಿಗೆ ಬಂದು ಏಳು ವರ್ಷವಾಗಿತ್ತು. ಹೊಟ್ಟೆನೋವು ಅಂತ ಬಂದವನ ಹೊಟ್ಟೆ ಒತ್ತುವುದಕ್ಕೆ ಮುಂಚೆ ಅವನ ಕಣ್ಣು ನೋಡುತ್ತಿದ್ದಳು. ತಲೆಸುತ್ತು ಅಂದವನ ಮೂಗಿಗೆ ಅಮೋನಿಯಾ ಹಿಡಿಯುತ್ತಿದ್ದಳು. ಹತ್ತರಲ್ಲಿ ಆರು ಜನ ಅಲ್ಲೇ ವಾಸಿಯಾಗಿ ಮಷೀನಿಗೆ ವಾಪಸ್ ಹೋಗುತ್ತಿದ್ದರು.

"ನನ್ನ ಹತ್ರ ನಿಮ್ಮ ಬೇಳೆ ಬೇಯಲ್ಲ ಕಣ್ರೀ" ಅನ್ನುವುದು ಅವಳ ಮಾತು. ಕಾರ್ಖಾನೆಯ ಡಾಕ್ಟರು ಮಂಗಳವಾರ, ಶುಕ್ರವಾರ ಒಂದೊಂದು ಗಂಟೆ ಬಂದು ಹೋಗುವವರು. ಮಿಕ್ಕ ದಿನವೆಲ್ಲ ಅವಳದೇ ದರ್ಬಾರು. ಮೇಜಿನ ಮೇಲೆ ಒಂದು ದಪ್ಪ ರಿಜಿಸ್ಟರು, ಅದರ ಪಕ್ಕ ಎರಡು ಪೆನ್ನು. ನಿಜವಾದ ಕಾಯಿಲೆಗೆ ನೀಲಿ, ಸೋಗಿನ ಕಾಯಿಲೆಗೆ ಕೆಂಪು. ಆ ಕೆಂಪಿಗೆ ಕೆಲಸಗಾರರು ಮೇಸ್ತ್ರಿಗಿಂತ ಹೆಚ್ಚು ಹೆದರುತ್ತಿದ್ದರು.

ಎಂಬತ್ತಮೂರನೇ ಇಸವಿಯ ಮಾರ್ಚಿನಲ್ಲಿ ಆ ಕೆಂಪಿಗೆ ಸಿಕ್ಕಿಬಿದ್ದವನು ರಾಮಾಂಜಿನಪ್ಪ. ಲಗ್ಗೆರೆಯವನು, ಇಪ್ಪತ್ತಾರರ ಹುಡುಗ, ಲೇತ್ ವಿಭಾಗದಲ್ಲಿ ಹೊಸಬ. ಅವರ ಮನೆಯಲ್ಲಿ ನೇಗಿಲು ಬಿಟ್ಟು ಮಷೀನು ಮುಟ್ಟಿದ ಮೊದಲನೆಯವನು. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ, ಏಪ್ರಿಲ್ ಒಂದಕ್ಕೆ ಆಗಬೇಕಿತ್ತು. ಅಷ್ಟರಲ್ಲಿ ಒಂದು ಸೋಮವಾರ ಬೆಳಿಗ್ಗೆ ಏಳಕ್ಕೆ ಬರಬೇಕಾದವನು ಹನ್ನೆರಡಕ್ಕೆ ಬಂದ.

"ಬೆಳಿಗ್ಗೆ ಕೈಕಾಲು ಬರ್ಲಿಲ್ಲ ಸಿಸ್ಟರ್. ಎತ್ತೋಕೇ ಆಗ್ಲಿಲ್ಲ. ಆಮೇಲೆ ತಾನೇ ಬಂತು" ಅಂದ.

ಪಂಕಜಾ ನಕ್ಕುಬಿಟ್ಟಳು. "ತಾನೇ ಹೋಗಿ ತಾನೇ ಬಂತಾ? ಬಸ್ಸು ಹಿಡ್ಕೊಂಡು ಹೋಗಿತ್ತೇನಪ್ಪಾ?"

ಕೈ ಚಾಚು ಅಂದಳು. ಬೆರಳು ಸಣ್ಣಗೆ ನಡುಗುತ್ತಿದ್ದವು. ಅಂಗೈ ಒದ್ದೆ. ನಾಡಿ ನೂರಹತ್ತು. ಕಣ್ಣು ಒಂದಿಷ್ಟು ಅಗಲ, ಯಾರೋ ಬೆನ್ನಟ್ಟಿಕೊಂಡು ಬಂದವನ ಹಾಗೆ. ಇನ್ನೇನು ಬೇಕು ಪುರಾವೆ! ಭಾನುವಾರ ಚೆನ್ನಾಗಿ ಕುಡಿದು ಮಲಗಿದ್ದಾನೆ. ಕೆಂಪು ಪೆನ್ನು ತೆಗೆದು ಎಲ್ಲವನ್ನೂ ಒಂದೂ ಬಿಡದೆ ಬರೆದಳು: ಕೈ ನಡುಕ, ಬೆವರು, ನಾಡಿ ಜೋರು, ಹಸಿವು ಚೆನ್ನಾಗಿದೆ, ಮೈ ಬಡಕಲು, ಕುಡಿತದ ಅನುಮಾನ, ಕೆಲಸಕ್ಕೆ ಯೋಗ್ಯ. ಎರಡು ವಾರ ಬಿಟ್ಟು ಇನ್ನೊಂದು ಸೋಮವಾರ ಅದೇ ಕತೆ, ಅದೇ ಬರಹ.

"ನಾನು ಕುಡಿಯಲ್ಲ ಸಿಸ್ಟರ್, ಶನಿವಾರ ಒಪ್ಪೊತ್ತು ಮಾಡೋನು ನಾನು" ಅಂತ ಅವನು ಗೋಗರೆದ.

"ಒಪ್ಪೊತ್ತು ಶನಿವಾರ ತಾನೆ? ನಾನು ಕೇಳ್ತಿರೋದು ಭಾನುವಾರದ್ದು" ಅಂದಳು ಪಂಕಜಾ. ಆ ಜಾಣತನದ ಮಾತನ್ನು ಸಂಜೆ ಜಾಲಹಳ್ಳಿಯ ಕ್ವಾರ್ಟರ್ಸಿನಲ್ಲಿ ಗಂಡನಿಗೂ ಹೇಳಿ ನಗಿಸಿದಳು.

ಮೂರನೆಯ ಸಲ ಇಪ್ಪತ್ತೆಂಟನೇ ತಾರೀಕು, ಮತ್ತೆ ಸೋಮವಾರ. ಎಂಟಾದರೂ ರಾಮಾಂಜಿನಪ್ಪನ ಲೇತು ಸುಮ್ಮನಿತ್ತು. ಕೆಲಸಗಾರರ ನೇಮಕ ನೋಡಿಕೊಳ್ಳುವ ಪರ್ಸನಲ್ ಆಫೀಸರು ಡಿಸ್ಪೆನ್ಸರಿಗೇ ಬಂದರು. ಕಾಯಂ ಮಾಡುವ ಪತ್ರ ಟೈಪಾಗಿ ಅವರ ಡ್ರಾಯರಿನಲ್ಲಿತ್ತು. ಮೂರನೆಯ ಕೆಂಪು ಬಿದ್ದರೆ ಅದನ್ನು ಹರಿದುಹಾಕಿ ಮನೆಗೆ ಕಳಿಸುವುದು ಕಂಪನಿಯ ನಿಯಮ.

"ಇವತ್ತು ಬರ್ದುಬಿಡಿ ಸಿಸ್ಟರ್, ಮುಗಿದೋಗ್ಲಿ" ಅಂದರು.

ಪಂಕಜಾ ಹಾಗೆಲ್ಲ ಕಾಣದೆ ಬರೆಯುವವಳಲ್ಲ. "ನೋಡದೆ ಬರೆಯಲ್ಲ ಸಾರ್. ವ್ಯಾನು ಕೊಡಿ. ಹಾಸಿಗೆ ಮೇಲೇ ಹಿಡೀತೀನಿ" ಅಂದಳು. ಆಫೀಸರಿಗೆ ಖುಷಿಯೋ ಖುಷಿ.

ವ್ಯಾನಿನ ಡ್ರೈವರ್ ಕೃಷ್ಣಪ್ಪ ಲಗ್ಗೆರೆಯ ಮಣ್ಣುರಸ್ತೆಯಲ್ಲಿ ಕುಲುಕಿಸಿಕೊಂಡು ಕರೆದುಕೊಂಡು ಹೋಗಿ, ಎರಡು ತೆಂಗಿನಮರ ನಿಂತಿದ್ದ ಹೆಂಚಿನ ಮನೆಯ ಮುಂದೆ ನಿಲ್ಲಿಸಿದ. ಹಿತ್ತಲಿನಾಚೆ ರಾಗಿಹೊಲ, ಹೊಲದಾಚೆ ಯಾವುದೋ ಫ್ಯಾಕ್ಟರಿಯ ಹೊಸ ಕಾಂಪೌಂಡು. ರಾಮಾಂಜಿಯ ತಾಯಿ ಪಿಳ್ಳಮ್ಮ ಬಾಗಿಲಿಗೇ ಬಂದಳು. ಬಿಳೀ ಸೀರೆ, ಬಿಳೀ ಟೋಪಿ ಕಂಡಿದ್ದೇ ತಡ, ಕೈ ಎರಡೂ ಹಿಡಿದುಕೊಂಡುಬಿಟ್ಟಳು.

"ಬಂದ್ರಾ ತಾಯಿ! ಕಂಪ್ನಿಯೋರು ಕಳ್ಸಿದ್ರಾ? ನನ್ ಮಗನ್ ಮ್ಯಾಲೆ ಎಷ್ಟು ಪ್ರೀತಿ ನೋಡು ಅವ್ರಿಗೆ!"

ಪಂಕಜಾಳಿಗೆ ಒಂದು ಥರಾ ಆಯಿತು. ಆದರೂ ಮುಖ ಗಂಟಿಕ್ಕಿಕೊಂಡೇ ಒಳಗೆ ಹೋದಳು.

ರಾಮಾಂಜಿ ಚಾಪೆಯ ಮೇಲೆ ಅಂಗಾತ ಮಲಗಿದ್ದ. ಎಚ್ಚರವಾಗಿದ್ದ, ಮಾತು ಸರಿಯಾಗಿತ್ತು, ಬಾಯಲ್ಲಿ ಹೆಂಡದ ವಾಸನೆ ಇಲ್ಲವೇ ಇಲ್ಲ. ಕಾಲು ಎತ್ತು ಅಂದಳು, ಎತ್ತಲಿಲ್ಲ. ಸರಿ ಮಗನೇ ಅಂತ ತನ್ನ ಹಳೆಯ ಉಪಾಯ ತೆಗೆದಳು. ಅವನ ಕೈಯನ್ನು ಅವನ ಮುಖದ ಮೇಲೆ ಎತ್ತಿ ಹಿಡಿದು ತಟಕ್ಕನೆ ಬಿಟ್ಟಳು. ನಾಟಕದವನ ಕೈ ಆದರೆ ಮೂಗು ತಪ್ಪಿಸಿಕೊಂಡು ಪಕ್ಕಕ್ಕೆ ಬೀಳುತ್ತದೆ, ಯಾರಿಗೆ ತಾನೆ ತನ್ನ ಮೂಗು ಜಜ್ಜಿಕೊಳ್ಳಲು ಇಷ್ಟ? ಇವನ ಕೈ ಧೊಪ್ಪನೆ ಸೀದಾ ಮೂಗಿನ ಮೇಲೇ ಬಿತ್ತು. ಅವನು "ಅಯ್ಯೋ" ಅಂದ.

ಇನ್ನೊಂದು ಪರೀಕ್ಷೆ ಇತ್ತು, ಅದು ಯಾರನ್ನೂ ಬಿಟ್ಟಿದ್ದಲ್ಲ. ಅವನ ಮಂಡಿಯ ಕೆಳಗೆ ತನ್ನ ಕೈ ಕೊಟ್ಟು ಎತ್ತಿ, ಚಿಪ್ಪಿನ ಕೆಳಗಿನ ನರಕ್ಕೆ ಅಂಗೈಯ ಅಂಚಿನಿಂದ ಹೊಡೆದಳು. ಎಂಥ ಸೋಗಿನವನ ಕಾಲೂ ಅಲ್ಲಿ ಹೊಡೆದರೆ ತಾನೇ ಚಿಮ್ಮುತ್ತದೆ, ಅದನ್ನು ತಡೆಯುವುದು ಮನುಷ್ಯನ ಕೈಯಲ್ಲಿಲ್ಲ. ಹೊಡೆದಳು. ಕಾಲು ಚಿಮ್ಮಲಿಲ್ಲ. ಇನ್ನೊಂದು ಮಂಡಿಗೆ ಹೊಡೆದಳು. ಅದೂ ಸುಮ್ಮನಿತ್ತು.

ಹುಡುಗ ಸುಳ್ಳು ಹೇಳುತ್ತಿರಲಿಲ್ಲ. ಇವತ್ತು ಮಾತ್ರವಲ್ಲ, ಮೊದಲ ಸೋಮವಾರದಿಂದಲೂ ಹೇಳುತ್ತಿರಲಿಲ್ಲ. ಎರಡು ಕೆಂಪು ಬರಹ ಕಣ್ಣ ಮುಂದೆ ಬಂದು ನಿಂತವು.

"ಸಿಸ್ಟರ್, ಈಗ್ಲಾದ್ರೂ ನಂಬ್ತೀರಾ?" ಅಂತ ಕೇಳಿದ ರಾಮಾಂಜಿ.

"ನಂಬ್ತೀನಪ್ಪಾ. ತಪ್ಪು ನಂದೇ. ಮಾತಾಡ್ಬೇಡ, ಸುಮ್ನಿರು" ಅಂದಳು.

ಆ ಹೊತ್ತಿಗೆ ಶ್ಯಾಮಣ್ಣ ಬಂದ. ಪಟ್ಟಣದಲ್ಲಿ ಯಾರೋ ಡಾಕ್ಟರ ಹತ್ತಿರ ಕಾಂಪೌಂಡರಾಗಿದ್ದು, ಈಗ ಲಗ್ಗೆರೆಯಲ್ಲಿ ತಾನೇ ಡಾಕ್ಟರಾಗಿದ್ದವನು. ಕಂಕುಳಲ್ಲಿ ಗ್ಲೂಕೋಸಿನ ಗಾಜಿನ ಬಾಟಲಿ. ಆ ಕಾಲಕ್ಕೆ, ಈ ಕಾಲಕ್ಕೂ ಅನ್ನಿ, ಬಾಟಲಿ ಹಾಕಿದರೇ ಅದು ವೈದ್ಯ. ಮಾತ್ರೆ ಕೊಟ್ಟು ಕಳಿಸಿದ ಡಾಕ್ಟರು ಡಾಕ್ಟರೇ ಅಲ್ಲ. ಪಿಳ್ಳಮ್ಮ ಇದ್ದಬದ್ದದ್ದನ್ನೆಲ್ಲ ಗೋರಿ ತೆಗೆದು ಅವನನ್ನು ಕರೆಸಿದ್ದಳು.

"ಸುಸ್ತು ಕಣಮ್ಮ, ಬರೀ ಸುಸ್ತು. ಒಂದು ಬಾಟ್ಲು ಇಳಿದ್ರೆ ಎದ್ದು ಕೂತು ಮುದ್ದೆ ಕೇಳ್ತಾನೆ" ಅಂತ ಶ್ಯಾಮಣ್ಣ ಸೂಜಿ ತೆಗೆದ. ಎರಡು ಕಡೆ ಚುಚ್ಚಿದರೂ ನರ ಸಿಗಲಿಲ್ಲ. ಪಂಕಜಾಳಿಗೆ ನೋಡಲಾಗಲಿಲ್ಲ. ಅವಳ ಕೈಗೆ ನರ ಸಿಗದೆ ಹೋದ ದಿನವೇ ಇಲ್ಲ.

"ಇಲ್ಲಿ ಕೊಡ್ರೀ" ಅಂತ ಕಿತ್ತುಕೊಂಡು ಒಂದೇ ಸಲಕ್ಕೆ ಹಾಕಿದಳು. ಬಾಟಲಿಯನ್ನು ಕ್ಯಾಲೆಂಡರಿನ ಮೊಳೆಗೆ ತೂಗುಹಾಕಿದರು. ಆಸ್ಪತ್ರೆಗೆ ಸಾಗಿಸುವ ಮುಂಚೆ ಸ್ವಲ್ಪ ತ್ರಾಣ ಬರಲಿ ಅಂತ ಅವಳ ಲೆಕ್ಕ. ಹನಿ ಬೀಳುತ್ತಿರುವುದನ್ನು ನೋಡಿ ಪಿಳ್ಳಮ್ಮನ ಮುಖ ಅರಳಿತು.

ಕಾಲು ಗಂಟೆ ಕಳೆಯಿತು. ಪಂಕಜಾ ಅವನ ಕೈ ಹಿಡಿದು ಬೆರಳು ಮಡಿಸು ಅಂದಳು. ಮೊದಲು ಮಡಿಸುತ್ತಿದ್ದವನು ಈಗ ಮಡಿಸಲಿಲ್ಲ. ಅರ್ಧ ಗಂಟೆಯಾಯಿತು. ತಲೆ ಎತ್ತು ಅಂದಳು. ತಲೆ ದಿಂಬಿನಿಂದ ಅಲುಗಲಿಲ್ಲ. ಉಸಿರು ಮೇಲೆಮೇಲೆ ಆಡತೊಡಗಿತು, ಒಂದು ವಾಕ್ಯ ಮುಗಿಸಲು ಅವನಿಗೆ ಎರಡು ಸಲ ಉಸಿರು ಬೇಕಾಗುತ್ತಿತ್ತು. ನಾಡಿ ನಡುನಡುವೆ ತಪ್ಪುತ್ತಿತ್ತು. ಬಾಟಲಿ ಇಳಿದಷ್ಟೂ ಹುಡುಗನೂ ಇಳಿಯುತ್ತಿದ್ದ!

"ಇನ್ನೊಂದು ಬಾಟ್ಲು ಬೇಕಾಗುತ್ತೆ" ಅಂದ ಶ್ಯಾಮಣ್ಣ.

ಪಂಕಜಾ ಪಿಳ್ಳಮ್ಮನ ಕಡೆ ತಿರುಗಿದಳು. "ಪಿಳ್ಳಮ್ಮಾ, ನಿನ್ನೆ ಏನು ಮಾಡಿದ್ದ, ಏನು ತಿಂದ? ಒಂದೂ ಬಿಡದೆ ಹೇಳಿ."

"ಇನ್ನೇನವ್ವಾ, ಭಾನ್ವಾರ ಪೂರ್ತಿ ಒಲದಾಗೆ ಗೆಯ್ದ. ಶನ್ವಾರ ಒಪ್ಪೊತ್ತು ಇರ್ತಾನಲ್ಲ, ಅದ್ಕೆ ಭಾನ್ವಾರ ಚೆಂದಾಗಿ ಇಕ್ತೀನಿ. ಎರಡು ಮುದ್ದೆ, ಅನ್ನ, ಸಾವ್ಗೆ ಪಾಯ್ಸ ಒಂದು ಚೊಂಬು. ಸೊರಗೋಗವ್ನೆ ನೋಡಿ, ಬಕಾಸುರನಂಗೆ ತಿಂದ್ರೂ ಮೈಗೇ ಅತ್ತಾಕಿಲ್ಲ. ಅದ್ಕೇ ಇನ್ನೂ ಜಾಸ್ತಿ ಇಕ್ತೀನಿ."

"ಬೆಳಿಗ್ಗೆ?"

"ಬೆಳಿಗ್ಗೆ ಕಾಲು ಬರಾಕಿಲ್ಲ ಅಂದ. ಶಕ್ತಿ ಬರ್ಲಿ ಅಂತ ಬೆಲ್ಲದ ಪಾನ್ಕ ಕುಡಿಸ್ದೆ. ಓದ್ಸಲಾನೂ ಅಂಗೇ ಕುಡಿಸಿದ್ದೆ. ಕುಡಿಸ್ದಾಗೆಲ್ಲ ಒಸಿ ಜಾಸ್ತೀನೇ ಆಯ್ತದೆ, ಆಮ್ಯಾಕೆ ಮಧ್ಯಾನಕ್ಕೆ ಎದ್ದೇಳ್ತಾನೆ."

ಪಾಯಸ. ಪಾನಕ. ಗ್ಲೂಕೋಸು. ಪಂಕಜಾಳ ತಲೆಯಲ್ಲಿ ಹನ್ನೊಂದು ವರ್ಷದ ಸಕ್ಕರೆ ಕಾಯಿಲೆ ವಾರ್ಡು ಒಟ್ಟಿಗೇ ದೀಪ ಹೊತ್ತಿಸಿಕೊಂಡಿತು. ಡಾಕ್ಟರ್ ಕೃಷ್ಣಸ್ವಾಮಿ ರೌಂಡ್ಸಿನಲ್ಲಿ ನರ್ಸುಗಳಿಗೆ ಗಿಳಿಗೆ ಹೇಳುವ ಹಾಗೆ ಹೇಳುತ್ತಿದ್ದರು: ಸಕ್ಕರೆ ಮೈಯ ಕಣಗಳೊಳಗೆ ನುಗ್ಗುವಾಗ ರಕ್ತದಲ್ಲಿರುವ ಪೊಟ್ಯಾಸಿಯಂ ಅನ್ನುವ ಉಪ್ಪನ್ನೂ ಎಳೆದುಕೊಂಡು ಹೋಗುತ್ತದೆ, ಅದು ತೀರಾ ಇಳಿದರೆ ಮೊದಲು ಕೈಕಾಲು ಬೀಳುತ್ತದೆ, ಆಮೇಲೆ ಎದೆ ನಿಲ್ಲುತ್ತದೆ. ಈ ಹುಡುಗನಿಗೆ ಸಕ್ಕರೆ ಕಾಯಿಲೆ ಇಲ್ಲ, ಯಾವ ಕಾಯಿಲೆ ಅನ್ನುವುದು ಅವಳಿಗೆ ಗೊತ್ತಿರಲಿಲ್ಲ. ಆದರೆ ಸಿಹಿ ಹೋದಾಗಲೆಲ್ಲ ಕೈಕಾಲು ಬೀಳುತ್ತಿದೆ ಅನ್ನುವುದು ಕಣ್ಣಮುಂದೆಯೇ ಇತ್ತು. ಆ ಸಿಹಿಯನ್ನು ಈಗ ನೇರ ರಕ್ತಕ್ಕೆ ಬಿಟ್ಟವಳು ತಾನೇ.

ಒಂದು ಕ್ಷಣವೂ ಯೋಚಿಸಲಿಲ್ಲ. ನಳಿಕೆ ಮಡಚಿ ಹಿಡಿದು ಸೂಜಿ ಕಿತ್ತುಹಾಕಿದಳು.

ಮನೆಯಲ್ಲಿ ಹಾಹಾಕಾರ ಎದ್ದಿತು. "ಅರ್ಧ ಬಾಟ್ಲು ಇನ್ನೂ ಐತಲ್ರೀ!" ಅಂತ ಶ್ಯಾಮಣ್ಣ ಕೂಗಿದ. ಬಾಗಿಲಲ್ಲಿ ಇಣುಕುತ್ತಿದ್ದವರು "ಕಂಪ್ನಿಯೋಳು ಕಣೋ, ಹುಡ್ಗನ್ನ ಸಾಯಿಸೋಕೇ ಬಂದವ್ಳೆ" ಅಂದರು. ಪಿಳ್ಳಮ್ಮ ಅವಳ ತೋಳು ಹಿಡಿದು ಎಳೆದಳು.

"ಯಾಕವ್ವಾ ಕಿತ್ತೆ? ನನ್ ಮಗ ಉಳೀಬಾರ್ದಾ?"

"ಉಳೀಬೇಕು ಅಂತಾನೇ ಕಿತ್ತಿದ್ದು" ಅಂದಳು ಪಂಕಜಾ. ಅವಳ ದನಿ ಡಿಸ್ಪೆನ್ಸರಿಯ ದನಿಯೇ, ಒಂದಿಷ್ಟೂ ಅಲುಗಲಿಲ್ಲ. "ನನ್ನ ಮೇಲೆ ಆಮೇಲೆ ಎಷ್ಟು ಬೇಕಾದ್ರೂ ಕೂಗಾಡಿ. ಈಗ ಹೇಳ್ದಷ್ಟು ಮಾಡಿ. ಆ ಮರದಲ್ಲಿ ಎಳನೀರು ಇದೆಯಾ? ಗಂಜಿ ಕಟ್ಟದೇ ಇರೋದು, ಸಿಹಿ ಕಮ್ಮಿ ಇರೋ ಎಳಸು ಬೇಕು."

"ಎಳನೀರಾ? ಉಸ್ರು ಓಗ್ತಾ ಐತೆ, ಎಳನೀರು ಕೇಳ್ತಾಳೆ!" ಅಂತ ಯಾರೋ ಅಂದರು.

ಮೂತ್ರಪಿಂಡ ಕೆಟ್ಟವರಿಗೆ ಎಳನೀರು ಕೊಡಬೇಡಿ, ಅದರಲ್ಲಿ ಆ ಉಪ್ಪು ಜಾಸ್ತಿ ಅಂತ ವಾರ್ಡಿನ ಗೋಡೆಯ ಮೇಲೆ ಬೋರ್ಡೇ ಇತ್ತು. ಅವರಿಗೆ ಯಾವುದು ಬೇಡವೋ ಇವನಿಗೆ ಅದೇ ಬೇಕು. ಇದನ್ನೆಲ್ಲ ಬಿಡಿಸಿ ಹೇಳುತ್ತ ಕೂರಲು ಹೊತ್ತಿರಲಿಲ್ಲ. ಪಂಕಜಾ ಪಿಳ್ಳಮ್ಮನ ಕಣ್ಣನ್ನೇ ನೋಡಿದಳು.

"ನಿಮ್ಮ ಮಗನ್ನ ನಾನು ಎರಡು ಸಲ ಸುಳ್ಳುಗಾರ ಅಂತ ಬರೆದಿದೀನಿ ಪಿಳ್ಳಮ್ಮಾ. ಮೂರನೇ ಸಲ ತಪ್ಪು ಮಾಡಲ್ಲ. ನಂಬಿ."

ಪಿಳ್ಳಮ್ಮ ಅವಳ ಮುಖವನ್ನು ದಿಟ್ಟಿಸಿದಳು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಮೂಲೆಯಲ್ಲಿದ್ದ ಮಚ್ಚು ತೆಗೆದುಕೊಂಡು, "ಏ ಡ್ರೈವರಪ್ಪಾ, ಮರ ಅತ್ತಾಕೆ ಬರ್ತದೇನೋ?" ಅಂತ ಡ್ರೈವರನ್ನೇ ಕೂಗಿದಳು. ಅವನಿಗೆ ಬರುತ್ತಿತ್ತು. ಎಂಟು ಎಳನೀರು ಕೆಳಗೆ ಬಿದ್ದವು. ಪಂಕಜಾ ಹುಡುಗನ ಬೆನ್ನಿಗೆ ತನ್ನ ಮೊಣಕಾಲು ಕೊಟ್ಟು ಕೂರಿಸಿ, ಮೊದಲು ಒಂದು ಚಮಚ ನೀರು ಬಾಯಿಗೆ ಬಿಟ್ಟು ಗಂಟಲು ಇಳಿಯುತ್ತದೆ ಅಂತ ಖಾತ್ರಿ ಮಾಡಿಕೊಂಡು, ಆಮೇಲೆ ಎಳನೀರನ್ನು ಗುಟುಕು ಗುಟುಕಾಗಿ ಕುಡಿಸಿದಳು. ಎರಡು ಅಲ್ಲೇ ಆಯಿತು. ಮಿಕ್ಕಿದ್ದು ವ್ಯಾನಿನಲ್ಲಿ. ಪಿಳ್ಳಮ್ಮ ಮಚ್ಚು ಹಿಡಿದೇ ವ್ಯಾನು ಹತ್ತಿದಳು, ದಾರಿಯುದ್ದಕ್ಕೂ ಕೆತ್ತಿ ಕೆತ್ತಿ ಕೊಟ್ಟಳು. ಯಶವಂತಪುರ ದಾಟುವ ಹೊತ್ತಿಗೆ ಮಗನ ನಾಡಿ ತಪ್ಪುವುದು ಕಡಿಮೆಯಾಯಿತು. ಅದನ್ನು ಪಂಕಜಾ ಯಾರಿಗೂ ಹೇಳಲಿಲ್ಲ, ದೃಷ್ಟಿ ತಾಗೀತು ಅಂತ ಅವಳಿಗೂ ಭಯ.

ದೊಡ್ಡಾಸ್ಪತ್ರೆಯಲ್ಲಿ ಡಾಕ್ಟರ್ ಕೃಷ್ಣಸ್ವಾಮಿಯವರೇ ಸಿಕ್ಕಿದ್ದು ಅವಳ ಪುಣ್ಯ. ಪಾಯಸ, ಪಾನಕ, ಬಾಟಲಿ ಎಲ್ಲವನ್ನೂ ಅವಳಿಂದ ಕೇಳಿಕೊಂಡು, ಎದೆಯ ಗ್ರಾಫು ತೆಗೆಸಿ, ರಕ್ತ ಕಳಿಸಿ, ಪೊಟ್ಯಾಸಿಯಂ ಅರ್ಧಕ್ಕರ್ಧ ಇಳಿದಿದೆ ಅಂದರು. ಆ ಉಪ್ಪಿನ ಔಷಧವನ್ನು ಬಾಯಿಗೆ ಹಾಕಿಸಿದರು. ಮಧ್ಯಾಹ್ನ ಎರಡಕ್ಕೆ ರಾಮಾಂಜಿ ಕಾಲಿನ ಹೆಬ್ಬೆರಳು ಅಲುಗಿಸಿದ. ಪಿಳ್ಳಮ್ಮ ಆ ಹೆಬ್ಬೆರಳಿಗೇ ಕೈ ಮುಗಿದಳು.

"ಇದು ಬರೀ ಉಪ್ಪಿನ ಕತೆ ಅಲ್ಲ ಪಂಕಜಾ. ಯಾಕೆ ಇಳೀತು ಅಂತ ನೋಡ್ಬೇಕು" ಅಂದರು ಡಾಕ್ಟರು. "ಕೈ ನಡುಗ್ತಿತ್ತಾ ಇವನಿಗೆ?"

"ನಡುಗ್ತಿತ್ತು ಸಾರ್."

"ಬೆವರು? ನಾಡಿ ಜೋರು? ಹಸಿವು ಜಾಸ್ತಿ, ಮೈ ಮಾತ್ರ ಬಡಕಲು?"

ಪಂಕಜಾ ನೆಲ ನೋಡಿದಳು. ಒಂದೊಂದು ಮಾತೂ ಅವಳ ಕೈಬರಹದಲ್ಲಿ, ಕೆಂಪಿನಲ್ಲಿ ಇತ್ತು. "ಎಲ್ಲಾ ಇತ್ತು ಸಾರ್. ಎಲ್ಲಾ ನಾನೇ ಬರೆದಿಟ್ಟಿದೀನಿ. ಕುಡುಕ ಅಂದ್ಕೊಂಡೆ."

ಡಾಕ್ಟರು ಹುಡುಗನ ಕತ್ತು ಮುಟ್ಟಿ ನೋಡಿದರು. ಕಣ್ಣಿಗೆ ಕಾಣದಷ್ಟು ಊತ, ಬೆರಳಿಗೆ ಮಾತ್ರ ಸಿಗುತ್ತಿತ್ತು. "ಥೈರಾಯ್ಡ್ ಗ್ರಂಥಿ ಹುಚ್ಚು ಹಿಡಿದ ಹಾಗೆ ಕೆಲಸ ಮಾಡ್ತಿದೆ. ಬೇರೆಯವರಾದ್ರೆ ಎದೆ ಬಡಿತ, ಕಣ್ಣು ಗುಡ್ಡೆ ಅಂತ ಬರ್ತಾರೆ. ಇವನು ಲಕ್ವ ಹೊಡೆದವನ ಹಾಗೆ ಬಂದಿದಾನೆ. ಮೈಮುರಿದು ದುಡಿದು, ಹೊಟ್ಟೆ ತುಂಬ ಹಿಟ್ಟು ಸಿಹಿ ತಿಂದು ಮಲಗಿದ ಮಾರನೇ ಬೆಳಿಗ್ಗೆಯೇ ಇದು ಬರೋದು. ನನ್ನ ಇಡೀ ಸರ್ವೀಸಲ್ಲಿ ಇದು ಮೂರನೇದು. ಗ್ರಂಥಿಗೆ ಔಷಧ ಕೊಟ್ರೆ ಮತ್ತೆ ಬರಲ್ಲ. ಆ ಬಾಟ್ಲು ಪೂರ್ತಿ ಇಳಿದಿದ್ರೆ ಇವತ್ತೇ ಹೋಗ್ತಿದ್ದ. ಯಾರಯ್ಯಾ ಅದನ್ನ ಹಾಕಿದ್ದು?"

ಶ್ಯಾಮಣ್ಣನ ಹೆಸರು ಹೇಳಬಹುದಿತ್ತು. ಅವನೇನೂ ಅಲ್ಲಿರಲಿಲ್ಲ.

"ನಾನೇ ಸಾರ್" ಅಂದಳು ಪಂಕಜಾ.

"ಕಿತ್ತಿದ್ದು?"

"ಅದೂ ನಾನೇ."

ಡಾಕ್ಟರು ಕನ್ನಡಕದ ಮೇಲಿಂದ ಅವಳನ್ನು ನೋಡಿ, ಗ್ರಂಥಿಯ ಕಾಯಿಲೆ ಅಂತ ಒಂದು ಚೀಟಿ ಬರೆದು ಸಹಿ ಹಾಕಿಕೊಟ್ಟರು.

ಮಾರನೆಯ ದಿನ ಪರ್ಸನಲ್ ಆಫೀಸರು ಆ ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡಿದರು. "ಇದು ನಿನ್ನೆಯದಕ್ಕೆ ಸರಿ ಸಿಸ್ಟರ್. ಹಿಂದಿನ ಎರಡು ಸಲದ್ದು ರಿಜಿಸ್ಟರಲ್ಲಿದೆಯಲ್ಲ, ಕುಡಿತ ಅಂತ. ಕುಡಿಯೋನನ್ನ ಕಾಯಂ ಮಾಡೋದು ಹೇಗೆ? ನಿಮ್ಮ ಬರಹ ಅಂದ್ರೆ ಇಲ್ಲಿ ಶಾಸನ ಅಲ್ವಾ?"

"ಶಾಸನ ತಪ್ಪಾಗಿದೆ ಸಾರ್."

"ಹಾಗಂತ ಬರೆದ್ರೆ ನಾಳೆಯಿಂದ ನಿಮ್ಮ ಕೆಂಪಿಗೆ ಬೆಲೆ ಇರಲ್ಲ, ತಿಳ್ಕೊಳ್ಳಿ. ಕಳ್ಳ ಕಾಯಿಲೆಯವರಿಗೆಲ್ಲ ಹಬ್ಬ. ಏಳು ವರ್ಷದ ಹೆಸರು ಹೋಗುತ್ತೆ."

ಪಂಕಜಾಳಿಗೆ ಆ ಮಾತು ನಾಟಿತು, ಇಲ್ಲ ಅಂದರೆ ಸುಳ್ಳು. ಆ ಹೆಸರು ಅವಳ ಒಡವೆಯಾಗಿತ್ತು. ಆದರೂ ಡಿಸ್ಪೆನ್ಸರಿಗೆ ಬಂದಳು, ರಿಜಿಸ್ಟರು ಬಿಚ್ಚಿದಳು, ಅದೇ ಕೆಂಪು ಪೆನ್ನು ತೆಗೆದು ಎರಡೂ ಬರಹದ ಕೆಳಗೆ ದಪ್ಪಕ್ಷರದಲ್ಲಿ ಬರೆದಳು: ರೋಗಿ ಹೇಳಿದ್ದೆಲ್ಲ ನಿಜ. ಕುಡಿತ ಎಂದದ್ದು ನನ್ನ ತಪ್ಪು. ಕೆಳಗೆ ಪೂರ್ತಿ ಹೆಸರು, ತಾರೀಕು. ಅವತ್ತು ಮಂಗಳವಾರವಾದ್ದರಿಂದ ಬಂದಿದ್ದ ಕಾರ್ಖಾನೆಯ ಡಾಕ್ಟರ ಕೈಯಲ್ಲೂ ಅದರ ಪಕ್ಕ ಸಹಿ ಮಾಡಿಸಿ, ಆಫೀಸರ ಮೇಜಿನ ಮೇಲೆ ತೆಗೆದುಕೊಂಡು ಹೋಗಿ ಇಟ್ಟಳು.

"ಈಗ ಡ್ರಾಯರ್ ತೆಗೀರಿ ಸಾರ್" ಅಂದಳು.

ಕಾಯಂ ಪತ್ರ ತಾರೀಕಿಗೆ ಸರಿಯಾಗಿ ಹೊರಬಿತ್ತು. ಕ್ಯಾಂಟೀನಿನಲ್ಲಿ ನಾಲ್ಕು ದಿನ ನಗೆಯೋ ನಗೆ. ಒಬ್ಬ ಭೂಪ "ನಂಗೂ ಥೈರಾಯ್ಡು ಸಿಸ್ಟರ್, ಕೈಕಾಲು ಬರ್ತಿಲ್ಲ" ಅಂತ ಬಂದ. ಪಂಕಜಾ ಅವನನ್ನು ಕೂರಿಸಿ, ಹೊಸದಾಗಿ ತರಿಸಿದ್ದ ಸುತ್ತಿಗೆಯಿಂದ ಮಂಡಿಗೆ ಒಂದು ಕೊಟ್ಟಳು. ಕಾಲು ಚಿಮ್ಮಿ ಎದುರಿನ ಸ್ಟೂಲು ಬಿತ್ತು. "ಬಂತಲ್ಲಪ್ಪಾ ಕಾಲು, ನಡಿ ಮಷೀನಿಗೆ" ಅಂದಳು. ಹೆಸರು ಎಲ್ಲಿಗೂ ಹೋಗಿರಲಿಲ್ಲ. ಒಂದೇ ಒಂದು ಬದಲಾಯಿತು, ಕೆಂಪು ಪೆನ್ನು ಹಿಡಿಯುವ ಮುಂಚೆ ಅವಳು ಈಗ ಬಂದವನ ಮಾತನ್ನು ಕೊನೆಯವರೆಗೂ ಕೇಳುತ್ತಿದ್ದಳು.

ತಿಂಗಳು ಕಳೆದು ಒಂದು ಸೋಮವಾರ ಪಿಳ್ಳಮ್ಮ ಡಿಸ್ಪೆನ್ಸರಿಗೆ ಬಂದಳು, ಕೈಯಲ್ಲಿ ಮುಚ್ಚಳದ ಡಬ್ಬಿ. ಮಗ ಬೆಳಿಗ್ಗೆ ಏಳಕ್ಕೇ ಲೇತಿನ ಮುಂದೆ ನಿಂತಿದ್ದ.

"ಪಾಯ್ಸ ಕಣವ್ವಾ. ಅವ್ನಿಗಲ್ಲ, ನಿಂಗೆ" ಅಂದಳು. ಆಮೇಲೆ ಸೆರಗಿನಲ್ಲಿ ಮುಖ ಒರೆಸಿಕೊಂಡಳು. "ನನ್ ಕೈಯಾರೆ ಇಕ್ಕಿ ಇಕ್ಕಿ ಮಗನ್ನ ಮಲಗಿಸ್ತಿದ್ದೆನಲ್ಲ ತಾಯಿ. ಎಂಥಾ ಪಾಪಿ ನಾನು."

"ನೀವು ಪಾಯ್ಸದಲ್ಲಿ ಮಲಗಿಸಿದ್ರಿ, ನಾನು ಬಾಟ್ಲಲ್ಲಿ" ಅಂದಳು ಪಂಕಜಾ. "ಇಬ್ರೂ ಸೇರಿ ಎಬ್ಬಿಸಿದ್ವಲ್ಲ, ಬಿಡಿ." ರಿಜಿಸ್ಟರು ತಂದು ಆ ಪುಟ ತೆಗೆದು ಅವಳ ಮುಂದೆ ಇಟ್ಟಳು.

ಪಿಳ್ಳಮ್ಮನಿಗೆ ಓದು ಬರುತ್ತಿರಲಿಲ್ಲ. ಕೆಂಪಕ್ಷರದ ಮೇಲೆ ಬೆರಳಾಡಿಸಿದಳು. "ಏನ್ ಬರ್ದೈತೆ ಇದ್ರಾಗೆ?"

"ನಿಮ್ಮ ಮಗ ಸುಳ್ಳು ಹೇಳ್ಲಿಲ್ಲ ಅಂತ ಬರ್ದಿದೆ."

ಪಿಳ್ಳಮ್ಮ ಡಬ್ಬಿಯ ಮುಚ್ಚಳ ತೆಗೆದು ಅವಳ ಕಡೆ ತಳ್ಳಿದಳು.

"ಅದು ನಂಗೆ ಮೊದ್ಲೇ ಗೊತ್ತಿತ್ತಲ್ಲವ್ವಾ" ಅಂದಳು.